ಮೂರನೆಯ ಕೈ

ಲೋಕದಲ್ಲೇ ಇಲ್ಲದ ಹೆಂಗಸೊಬ್ಬಳಿಗೆ ನನ್ನ ಕೈ ಅಂಟಿಸಿದವಳು ನನ್ನ ತಂಗಿ ಟಿಲ್ಲಿ. ವಿಯೆನ್ನಾದ ಒಂದು ನಾಟಕಮಂದಿರದವರು ಹೊಸ ನಾಟಕದ ನಾಯಕಿ ಕ್ಲೋಟಿಲ್ಡೆಯ ಚಿತ್ರ ಬರೆದುಕೊಡಲು ಅವಳಿಗೆ ಹೇಳಿದ್ದರು. ಈ ಕ್ಲೋಟಿಲ್ಡೆ ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳುವ ಮಗಳು. ಔಷಧಿಯ ಚಮಚ ಹಿಡಿದರೆ ಸಾಕು, ಬಲಗೈ ಮರಗಟ್ಟುತ್ತದೆ.

"ಅದ್ಯಾಕೆ ಹಾಗೆ? ವಾಯುವಾ?" ಎಂದೆ.

"ವಾಯೂನೂ ಇಲ್ಲ, ಮಣ್ಣೂ ಇಲ್ಲ ಅಕ್ಕ. ಬೆರ್ಗ್‌ಗಾಸ್ಸೆ ಬೀದೀಲಿ ಮನಸ್ಸಿನ ಕಾಯಿಲೆ ನೋಡ್ತಾರಲ್ಲ, ಆ ಡಾಕ್ಟರು ಹೇಳೋದು ಕೇಳಿಲ್ವಾ? ಮನಸ್ಸೊಳಗೆ ಒಬ್ಬ ಬೇಕು ಅಂತಾನೆ, ಒಬ್ಬ ಬೇಡ ಅಂತಾನೆ, ಮಧ್ಯೆ ಒಬ್ಬ ಬಡಪಾಯಿ ಒದ್ದಾಡ್ತಾನೆ. ಅಪ್ಪ ಸಾಯಲಿ ಅಂತ ಇವಳಿಗೆ ಆಸೆ. ಅದು ಇವಳಿಗೇ ಗೊತ್ತಿಲ್ಲ. ಅದಕ್ಕೇ ಮೂರು ಬಲಗೈ ಬರೀತೀನಿ."

"ಥೂ, ಬಿಡ್ತು ಅನ್ನೇ! ಪಕ್ಕದ ಕೋಣೇಲಿ ಅಪ್ಪ ಮಲಗಿದ್ದಾನೆ."

"ಬಾಯಿ ಮುಚ್ಕೊಂಡು, ಕೈ ಅಲ್ಲಾಡಿಸ್ದೆ ಕೂತ್ಕೋ."

ಅಪ್ಪ ನಲವತ್ತು ವರ್ಷ ಕೈಗವಸು ಹೊಲಿದವನು. ಮುಖ ಮರೆತರೂ ಕೈ ಮರೆಯುತ್ತಿರಲಿಲ್ಲ. ಟಿಲ್ಲಿ ಚಿಕ್ಕವಳಿದ್ದಾಗ ಬರೆದ ಚಿತ್ರಗಳನ್ನೆಲ್ಲ ಒಲೆಗೆ ಹಾಕಿದವನೂ ಅವನೇ. ಈಗ ಒಂಬತ್ತು ವರ್ಷದಿಂದ ಹಾಸಿಗೆ ಹಿಡಿದಿದ್ದ, ನಾನೇ ನೋಡಿಕೊಳ್ಳುತ್ತಿದ್ದೆ. ನಸುಕಿನ ನಾಲ್ಕು ಗಂಟೆಯಿಂದ ಹೊತ್ತುಹೊತ್ತಿಗೆ ಹದಿನೈದು ಹನಿ ಔಷಧಿ. ಇಪ್ಪತ್ತು ದಾಟಿದರೆ ಎದೆ ನಿಂತೀತು ಎಂದು ಅಪ್ಪನ ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು.

ಚಿತ್ರ ಮುಗಿದ ದಿನ ಅಪ್ಪ ನೋಡಬೇಕೆಂದು ಹಟ ಹಿಡಿದ. ಹಾಸಿಗೆಯ ಮುಂದೆ ತಂದು ನಿಲ್ಲಿಸಿದೆವು. ಬಹಳ ಹೊತ್ತು ನೋಡಿ, ನನ್ನ ಕಡೆ ಬೆರಳು ತೋರಿಸಿದ.

"ಚಮಚ ಹಿಡಿದ ಕೈ ನಮ್ಮ ಹರ್ಮೀನೇದು. ಗವಸಿನ ಅಳತೆ ಏಳು. ಮಣಿಕಟ್ಟು ಹಿಡಿದು ತಡೀತಿದೆಯಲ್ಲ, ಅದೂ ಅವಳದ್ದೇ. ಆದ್ರೆ ಬಾಟಲಿ ಬಗ್ಗಿಸ್ತಿರೋದು ಆರೂವರೆ. ಕಿರುಬೆರಳು ಸೊಟ್ಟ. ಟಿಲ್ಲಿ, ಇದು ನಿಂದು ಕಣೇ."

"ಅಯ್ಯೋ ಅಪ್ಪಾ, ಅದು ಸುಮ್ನೆ ಕಲ್ಪನೆ!" ಟಿಲ್ಲಿ ನಕ್ಕಳು. ನಗುತ್ತಲೇ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡಳು.

ಮೂರು ಗಂಟೆಗೆ ಔಷಧಿಯ ಹೊತ್ತಾಯಿತು. "ಇವತ್ತು ನಾನು ಕೊಡ್ತೀನಿ, ನೀನು ಕಾಫಿ ಮಾಡ್ಕೊಂಡು ಬಾ ಅಕ್ಕ" ಎಂದಳು. ಅವಳು ಹಾಗೆಂದದ್ದು ಅದೇ ಮೊದಲು.

ಕಾಫಿ ತಂದು ಬಾಗಿಲಲ್ಲಿ ನಿಂತೆ. ಟಿಲ್ಲಿ ಹನಿ ಹಾಕುತ್ತಾ ನಾಟಕದ ಮೊದಲ ದಿನಕ್ಕೆ ಯಾವ ಟೋಪಿ ಹಾಕಿಕೊಳ್ಳಲಿ ಎಂದು ಅಪ್ಪನನ್ನು ಕೇಳುತ್ತಿದ್ದಳು. ಎಣಿಸುತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ. ಹದಿನಾರು. ಹದಿನೇಳು. ಗೊತ್ತಿದ್ದೇ ಮಾಡಿದಳೋ, ಮಾತಿನಲ್ಲಿ ಮರೆತಳೋ, ದೇವರಾಣೆ ಇವತ್ತಿಗೂ ನನಗೆ ತಿಳಿಯದು. ಸಾಕು ಕಣೇ ಅನ್ನಬೇಕಿತ್ತು, ಬಾಯಿ ಬರಲಿಲ್ಲ. ತಟ್ಟೆ ಕೆಳಗಿಟ್ಟು ಓಡಬೇಕಿತ್ತು, ಬಲಗೈ ಮರಗಟ್ಟಿ ತಟ್ಟೆಗೇ ಅಂಟಿಕೊಂಡಿತ್ತು. ನಾಳೆ ಬೆಳಿಗ್ಗೆ ಏಳು ಗಂಟೆಯವರೆಗೆ ಮಲಗಬಹುದು ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದು ಕ್ಲೋಟಿಲ್ಡೆಯಲ್ಲ, ನಾನು.

ಇಪ್ಪತ್ತಮೂರು.

ಅಪ್ಪ ಚಮಚ ನೋಡಲಿಲ್ಲ. ಚಿತ್ರದಲ್ಲಿ ತಡೆಯುತ್ತಿದ್ದ ಕೈ ಇದೇ ಎಂಬಂತೆ ನನ್ನ ಕೈಯನ್ನೇ ನೋಡುತ್ತಾ, ನಂಬಿಕೆಯಿಂದ ಬಾಯಿ ತೆರೆದ.

ಇಡೀ ಜನ್ಮದಲ್ಲಿ ಕೈ ಗುರುತಿಸುವುದರಲ್ಲಿ ಅವನು ತಪ್ಪಿದ್ದು ಅದೊಂದೇ ಸಲ.