ತವಾನಿಯ ದೀಪಕ್ಕೊಂದು ಹಾಡು

"ತವಾನಿ ಊರಿನ ಜೈರಸ್‌ಗೆ ಸಂದೇಶ," ಎಂದಿತು ರೇಡಿಯೋ. "ಆರನೇ ಕ್ಲಾಸು ದಾಟಲಾರದ ನೀನು ನನ್ನ ಮನೆಯ ಹೊಸಿಲು ದಾಟುವ ಕನಸು ಕಾಣಬೇಡ. ನನ್ನ ಮಗಳು ನೆಸ್ಟಾ ಹಡಗು ಹತ್ತುವುದಿಲ್ಲ. ಕಾಯಬೇಡ. ಇಂತಿ, ಹಡ್ಸನ್ ಮೇಷ್ಟ್ರು. ಮುಂದಿನ ಸಂದೇಶ, ಬುವಾನಾ ಊರಿನ ಎಸ್ತರ್‌ಗೆ: ಎರಡು ಹಂದಿಮರಿಗಳು ಹಡಗಿನಲ್ಲಿ ಬರುತ್ತಿವೆ, ಇಳಿಸಿಕೊಳ್ಳತಕ್ಕದ್ದು."

ಬೆಳಗಿನ ಏಳು ಗಂಟೆ. ಕೊಬ್ಬರಿ ಶೆಡ್ಡಿನಲ್ಲಿ ಊರಿಗೆ ಊರೇ ಬೇಯಿಸಿದ ಗೆಣಸು ಹಿಡಿದು ಕೂತಿತ್ತು. ಮೊದಲು ಯಾರೂ ನಗಲಿಲ್ಲ. ಆಮೇಲೆ ಚರ್ಚಿನ ಹಿರಿಯ ಎಲಿಯೆಜರ್ ಅಜ್ಜನ ಗಂಟಲಲ್ಲಿ ಗೆಣಸು ಸಿಕ್ಕಿಕೊಂಡು ಕೆಮ್ಮು ಬಂತು, ಕೆಮ್ಮು ನಗುವಾಯಿತು. ಉಳಿದವರಿಗೆ ಅಷ್ಟು ಅಪ್ಪಣೆ ಸಾಕಾಯಿತು.

"ಹೋಗ್ಲಿ ಬಿಡೋ ಜೈರಸ್," ಎಂದಳು ಡೋರ್ಕಸ್ ಅತ್ತೆ, ಕಣ್ಣೊರೆಸಿಕೊಳ್ಳುತ್ತಾ. "ಹಂದಿಮರಿಗಾದ್ರೂ ಹಡಗಲ್ಲಿ ಜಾಗ ಸಿಕ್ತಲ್ಲ."

ಜೈರಸ್‌ಗೆ ಮೈಯೆಲ್ಲ ಉರಿ ಹತ್ತಿತು. ಮಿಷನ್ನಿನವರು ಎಸೆದುಹೋದ ಈ ಸತ್ತ ರೇಡಿಯೋ ಡಬ್ಬವನ್ನು ಬಿಚ್ಚಿ, ಬೆಸೆದು, ಜೀವ ಬರಿಸಿದವನು ಅವನು. ಮರ ಕಡಿಯಲು ಬಂದವರು ಬಿಟ್ಟುಹೋದ ಲಾರಿಯ ಬ್ಯಾಟರಿಯನ್ನು ಗುಡ್ಡ ದಾಟಿಸಿ ಹೊತ್ತು ತಂದವನೂ ಅವನೇ. ಕೈಯಾರೆ ಸಾಕಿದ ನಾಯಿ ಊರ ಮುಂದೆ ಕಾಲು ಕಚ್ಚಿದ ಹಾಗಾಯಿತು.

ಒದ್ದು ಒಡೆದುಬಿಡಬಹುದಿತ್ತು, ಆದರೆ ಒಡೆಯುವಂತಿರಲಿಲ್ಲ. ಹೋದ ತಿಂಗಳು ರಾಜಧಾನಿಯ ಸಂತೆಯಲ್ಲಿ ನೆಸ್ಟಾ ಹೇಳಿದ್ದಳು: "ಗುರುವಾರ ಮೂರು ಗಂಟೆಗೆ ಕೋರಿಕೆ ಹಾಡು ಹಾಕ್ತಾರಲ್ಲ, ಕೇಳು. ಬಂದರಿಗೆ ಹೋಗೋ ದಾರೀಲೇ ರೇಡಿಯೋ ಆಫೀಸು. ನಾನು ಹಡಗು ಹತ್ತೋದಾದ್ರೆ ಬಿದಿರು ಬ್ಯಾಂಡಿನ ಹಾಡಿಗೆ ಚೀಟಿ ಕೊಟ್ಟು ಹತ್ತೀನಿ. ಹಾಡು ಬರ್ಲಿಲ್ಲ ಅಂದ್ರೆ ಅಪ್ಪ ಗೆದ್ದ ಅಂತ ತಿಳ್ಕೊ."

ಇವತ್ತೇ ಗುರುವಾರ. ಹಡಗು ರಾಜಧಾನಿಯಿಂದ ನಿನ್ನೆ ರಾತ್ರಿಯೇ ಹೊರಟಿತ್ತು. ಇವತ್ತು ಮುಸ್ಸಂಜೆಗೆ ತವಾನಿಯ ಮುಂದೆ ಹಾಯುತ್ತದೆ. ಕಡಲಿಗೆ ಚಾಚಿದ ಮೂತಿಬಂಡೆಯ ಮೇಲೆ ದೀಪ ಕಂಡರೆ ನಿಲ್ಲುತ್ತದೆ, ಕಾಣದಿದ್ದರೆ ಸೀದಾ ಬುವಾನಾ. ಅಲ್ಲಿ ಹಡ್ಸನ್ ಮೇಷ್ಟ್ರ ತಮ್ಮ ಪೊಲೀಸು. ಅಣ್ಣನ ಮಗಳನ್ನು ಅದೇ ಹಡಗಿನಲ್ಲಿ ವಾಪಸು ಕೂರಿಸದೆ ಬಿಡುವವನಲ್ಲ. ದೀಪ ಉರಿಯಬೇಕಾದದ್ದೂ ಇದೇ ಬ್ಯಾಟರಿಯಿಂದ. ಮೂರು ದಿನದಿಂದ ಮೋಡ, ಸೋಲಾರ್ ಹಲಗೆ ದಂಡಕ್ಕೆ ಬಿದ್ದಿತ್ತು. ರೇಡಿಯೋ ಆಡಿದ ಪ್ರತಿ ಮಾತೂ ದೀಪದ ಪಾಲಿನದು.

ಜೈರಸ್ ರೇಡಿಯೋ ಆರಿಸಿದ.

"ನಿನ್ ಮಾನ ಹೋಯ್ತು ಅಂತ ಊರಿನ ಕಿವಿ ಮುಚ್ತೀಯೇನೋ?" ಎಲಿಯೆಜರ್ ಅಜ್ಜ ಗದರಿದ.

ಹತ್ತು ಗಂಟೆಗೆ ಮತ್ತೆ ಹಾಕಲೇಬೇಕಾಯಿತು. ಬಾನುಲಿ ಪಾಠಕ್ಕೆ ಶಾಲೆಯ ಮಕ್ಕಳು ಸಾಲಾಗಿ ಬಂದು ಕೂತರು. ಅವರನ್ನು ಓಡಿಸುವಷ್ಟು ಕೋಪ ಜೈರಸ್‌ಗೂ ಇರಲಿಲ್ಲ. ಪಾಠ ಹೇಳುವವರು ಯಾರು? ಹಡ್ಸನ್ ಮೇಷ್ಟ್ರು. ವಿಷಯ ಏನು? ಸವಿನುಡಿ.

"ಮಕ್ಕಳೇ," ಎಂದಿತು ಮೇಷ್ಟ್ರ ಜೇನಿನಂಥ ದನಿ, "ನಾಲ್ಕು ಜನರ ಮುಂದೆ ಯಾರನ್ನೂ ಹೀಯಾಳಿಸಬಾರದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆಡಿದ ಮಾತು ಎಂದೂ ಹಿಂತಿರುಗಿ ಬಾರದು. ಎಲ್ಲರೂ ಹೇಳಿ."

"ಹಿಂತಿರುಗಿ ಬಾರದು!" ಮಕ್ಕಳು ಕೂಗಿದರು, ಜೈರಸ್‌ನ ಮುಖ ನೋಡುತ್ತಾ.

ಮೇಷ್ಟ್ರ ಮಾತು ಹನ್ನೆರಡೂವರೆಗೆ ಸರಿಯಾಗಿ ಹಿಂತಿರುಗಿ ಬಂತು. ಸಂದೇಶಗಳನ್ನು ದಿನಕ್ಕೆ ಮೂರು ಸಲ ಓದುವುದು ರೇಡಿಯೋದ ಪದ್ಧತಿ. ಬೆಳಿಗ್ಗೆ ತೋಟಕ್ಕೆ ಹೋಗಿ ತಪ್ಪಿಸಿಕೊಂಡಿದ್ದವರು ಮಣ್ಣುಗಾಲಲ್ಲೇ ಓಡಿ ಬಂದಿದ್ದರು. ಅವರನ್ನು ಉಪವಾಸ ಕಳಿಸಿದರೆ ಸಂಜೆಯೊಳಗೆ ಬ್ಯಾಟರಿಯನ್ನೇ ಕಿತ್ತುಕೊಂಡು ಹೋಗುವ ಜನ. ಜೈರಸ್ ಹಲ್ಲು ಕಚ್ಚಿ ಗುಂಡಿ ತಿರುಗಿಸಿದ. ಈ ಸಲ ಓದಿದವಳು ಹೆಂಗಸು. ಅವಳ ದನಿಯಲ್ಲಿ ಕರುಣೆಯಿತ್ತು. ಬೈಗುಳವನ್ನು ಕರುಣೆಯಿಂದ ಓದಿದರೆ ಎರಡು ಪಟ್ಟು ಉರಿಯುತ್ತದೆ ಎಂಬುದು ಅವನಿಗೆ ಆಗ ಗೊತ್ತಾಯಿತು.

ಮುಂದೆ ಕೋಕೋ ಬೀಜ ಒಣಗಿಸುವ ಬಗ್ಗೆ ಭಾಷಣ. ಆರಿಸಿದ. ಆಮೇಲೆ ಪಾರ್ಲಿಮೆಂಟಿನ ಚರ್ಚೆ.

"ಹಾಕೋ! ಮಂತ್ರಿಗಳು ಬೈದಾಡೋದು ಕೇಳ್ಬೇಕು," ಎಂದ ಎಲಿಯೆಜರ್ ಅಜ್ಜ.

"ಬೈಗುಳ ಇವತ್ತಿಗೆ ಸಾಕಾಗಲಿಲ್ವಾ ಅಜ್ಜ?"

"ನಿನ್ನದು ಬರೀ ಎರಡು ಸಾಲು ಕಣೋ. ಅವರು ಓದಿದೋರು, ಒಂದೊಂದು ಗಂಟೆ ಬೈತಾರೆ."

ಜೈರಸ್ ಹಾಕಲಿಲ್ಲ. ಮಂಕಾಗಿದ್ದ ಬ್ಯಾಟರಿಯ ಮೇಲೆ ಕೈಯಿಟ್ಟುಕೊಂಡು, ಕಾವು ಕೂತ ಕೋಳಿಯ ಹಾಗೆ ಕೂತ.

ಮೂರು ಗಂಟೆಗೆ ಹಾಕಿದ. ಮೊದಲ ಕೋರಿಕೆ ಸ್ತೋತ್ರ. ಎರಡನೆಯದೂ ಸ್ತೋತ್ರ. ಮೂರನೆಯದು ಯಾರದೋ ಹುಟ್ಟುಹಬ್ಬದ ಗಿಟಾರು. ರೇಡಿಯೋದ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಇನ್ನು ಒಂದೇ ಹಾಡಿಗೆ ಕಾಯುವುದು, ಆಮೇಲೆ ಬಂದರೂ ಬರದಿದ್ದರೂ ಆರಿಸುವುದು ಎಂದುಕೊಂಡ.

"ಮುಂದಿನದು ಬಿದಿರು ಬ್ಯಾಂಡು," ಎಂದಿತು ರೇಡಿಯೋ. "ಕೋರಿದವರು ಹೆಸರು ಬರೆದಿಲ್ಲ. ತವಾನಿಯ ದೀಪಕ್ಕೆ ಅಂತಷ್ಟೇ ಬರೆದಿದ್ದಾರೆ."

ಬಿದಿರು ಕೊಳವೆಗಳು ಢಬಢಬ ಎಂದವು. ಎಲಿಯೆಜರ್ ಅಜ್ಜ ಎದ್ದು ನಿಂತ, ಕಣ್ಣಲ್ಲಿ ನೀರು. ಚರ್ಚಿನ ದೀಪ ಹಚ್ಚುವವನು ಅವನೇ ತಾನೆ!

"ನೋಡ್ರೋ, ರಾಜಧಾನೀಲಿ ನನ್ನ ಸೇವೆ ನೆನೆಯೋರು ಇನ್ನೂ ಇದಾರೆ," ಎಂದ.

ಜೈರಸ್ ಬಾಗಿ ರೇಡಿಯೋದ ತಂತಿಗಳನ್ನು ಕಿತ್ತ. ಹಾಡು ಅರ್ಧಕ್ಕೆ ನಿಂತಿತು.

"ಏಯ್! ನನ್ ಹಾಡು!"

"ಆರೂವರೆ ಸಂದೇಶ ಬಾಕಿ ಇದ್ಯಲ್ಲೋ," ಡೋರ್ಕಸ್ ಅತ್ತೆ ಗೋಗರೆದಳು. "ನಮ್ ಯಜಮಾನ್ರು ಇನ್ನೂ ಕೇಳಿಲ್ಲ. ಮೀನಿಗೆ ಹೋದೋರು ಅದಕ್ಕೇ ಅಂತ ಬೇಗ ಬರ್ತಿದಾರೆ."

ಜೈರಸ್ ಬ್ಯಾಟರಿಯನ್ನು ಹೆಗಲಿಗೇರಿಸಿದ. ದೀಪದ ಬುರುಡೆಯನ್ನು ಅಂಗಿಯೊಳಗೆ ತುರುಕಿಕೊಂಡ.

"ಸಿಟ್ಟು ಮಾಡ್ಕೋಬೇಡ," ಎಲಿಯೆಜರ್ ಅಜ್ಜನ ದನಿ ಮೆತ್ತಗಾಯಿತು. "ಮೇಷ್ಟ್ರಿಗೆ ನಾವೇ ಒಂದು ಉತ್ತರ ಬರೆದು ರೇಡಿಯೋಗೆ ಕಳಿಸ್ತೀವಿ. ನಿಂಗೆ ನೆಟ್ಟಗೆ ಬರೆಯಕ್ಕೆ ಬರಲ್ವಲ್ಲ. ಏನು ಅಂತ ಬರೀಲಿ, ಹೇಳು. ಲೇ ಜೈರಸ್, ಏನು ಅಂತ ಬರೀಲೋ?"

ಜೈರಸ್ ಮೂತಿಬಂಡೆಯ ಕಡೆ ನಡೆಯುತ್ತಿದ್ದ.