ಐದೂವರೆಯ ಮೌನ

ದೇವದಾಸನ ಕಿವಿಯೆಂದರೆ ಸಾಮಾನ್ಯ ಕಿವಿಯಲ್ಲ. ನೀರಿನ ಇಲಾಖೆಯ ವಾಲ್ವ್‌ಮ್ಯಾನ್ ಅವನು. ನೆಲಕ್ಕೆ ಕಬ್ಬಿಣದ ಸಲಾಕೆ ಊರಿ, ತುದಿಗೆ ಕಿವಿ ಕೊಟ್ಟು, ಮೂರಡಿ ಆಳದಲ್ಲಿ ಪೈಪು ಸೋರುತ್ತಿದ್ದರೆ "ಇಲ್ಲೇ ಅಗೀರಿ" ಎಂದುಬಿಡುತ್ತಿದ್ದ. ಇಂಜಿನಿಯರುಗಳೇ ಜೀಪು ಕಳಿಸಿ ಅವನನ್ನು ಕರೆಸಿಕೊಳ್ಳುತ್ತಿದ್ದರು. ಅಂಥ ಕಿವಿಯನ್ನು ಪುಣ್ಯಾತ್ಮ ಭಕ್ತಿಯ ಹೆಸರಿನಲ್ಲಿ ಮುಚ್ಚಿಕೊಂಡು ಕೂತ! ಪಕ್ಕದ ಮನೆಯಲ್ಲಿ ಇಡ್ಲಿ ಮಾಡಿ ಮಾರುತ್ತಿದ್ದ ಮುನಿಯಕ್ಕ ಮೊಮ್ಮಗಳ ಸಮೇತ ಮಣ್ಣುಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಎಂಬತ್ತನಾಲ್ಕನೇ ಇಸವಿಯ ಮಾತಿದು. ಅದಕ್ಕೆ ಆರು ತಿಂಗಳ ಮುಂಚೆ ಚರ್ಚಿನ ಫಾದರ್ ಅವನಿಗೆ ಧ್ಯಾನ ಹೇಳಿಕೊಟ್ಟಿದ್ದರು. ದೊಡ್ಡ ವಿದ್ಯೆಯೇನಲ್ಲ. ನೆಟ್ಟಗೆ ಕೂರಬೇಕು, ಉಸಿರು ಒಳಗೆ ಹೋಗುವಾಗ 'ಪ್ರಭುವೇ', ಹೊರಗೆ ಬರುವಾಗ 'ಬಾ'. ಅರ್ಧ ಗಂಟೆ, ಅಷ್ಟೇ. "ಮನಸ್ಸು ಎಲ್ಲಿಗಾದ್ರೂ ಓಡಿದ್ರೆ ಜಗಳ ಆಡ್ಬೇಡ ದೇವದಾಸ್. ಸುಮ್ನೆ ಆ ಮಾತಿಗೆ ವಾಪಸ್ ಬಾ" ಎಂದಿದ್ದರು.

ಹಿಡಿಸಿತು ಅವನಿಗೆ. ಬೆಳಗಿನ ಐದಕ್ಕೆ ಬನಶಂಕರಿಯಲ್ಲಿ ವಾಲ್ವ್ ತಿರುಗಿಸುವಾಗಲೂ ಒಂದೊಂದು ಸುತ್ತಿಗೆ ಅದೇ ಮಾತು. ಕೊಡ ಹಿಡಿದ ಹೆಂಗಸರು "ನೀರ್ ಬಿಡೋಕೆ ಇಷ್ಟೊತ್ತಾ?" ಎಂದು ರೇಗಿದರೆ ಮೊದಲು ಇಮ್ಮಡಿ ರೇಗುತ್ತಿದ್ದ ಆಸಾಮಿ, ಈಗ ನಕ್ಕು ಸುಮ್ಮನಾಗುತ್ತಿದ್ದ. ಐದೂವರೆಗೆ ಕತ್ರಿಗುಪ್ಪೆಯ ಹಳೆ ಊರಿನಲ್ಲಿ ತಾನೊಬ್ಬನೇ ಇದ್ದ ಮನೆಗೆ ಬಂದು ಚಾಪೆ ಹಾಸಿ ಕೂತರೆ ಓಣಿಗೆ ಓಣಿಯೇ ನಿಶ್ಶಬ್ದ. ಎಲ್ಲ ತನ್ನ ಧ್ಯಾನದ ಮಹಿಮೆ ಎಂದು ಒಳಗೊಳಗೇ ಬೀಗುತ್ತಿದ್ದ, ಪಾಪ.

ಅಷ್ಟರಲ್ಲಿ ತಪಸ್ಸುಕಾಲ ಬಂತು. ಈಸ್ಟರಿಗೆ ಮುಂಚಿನ ಆ ನಲವತ್ತು ದಿನ ಅವನ ಜನ ಇಷ್ಟವಾದದ್ದೊಂದನ್ನು ಬಿಡಬೇಕು. ಅದೇ ವಾರ, ಕಣ್ಣು ಮುಚ್ಚಿದೊಡನೆ ಗೋಡೆಯ ಕಡೆಯಿಂದ 'ಸುಯ್' ಎಂದು ಸಣ್ಣಗೆ ಕೇಳಿಸತೊಡಗಿತು. ಥೂ, ಕೆಲಸದ ಚಟ ದೇವರ ಮುಂದೆಯೂ ಬಿಡಲಿಲ್ಲವಲ್ಲ ಎಂದು ಬೇಜಾರಾಯಿತು. ಬೇರೆಯವರು ಮಾಂಸ ಬಿಟ್ಟರೆ ಇವನು ಪೈಪಿನ ಸದ್ದನ್ನೇ ಬಿಡಲು ಹೊರಟ. 'ಸುಯ್' ಎಂದಾಗಲೆಲ್ಲ 'ಪ್ರಭುವೇ, ಬಾ'. ಒಂದು ದಿನ, ಎರಡು ದಿನ, ಮೂರು ದಿನ.

ನಾಲ್ಕನೆಯ ಬೆಳಗ್ಗೆ ಸದ್ದು ಬದಲಾಯಿತು. ನೀರಿನ ಜೊತೆ ಮಣ್ಣು ಗುಳಕ್ಕನೆ ಜಾರಿತು. ದೇವದಾಸ ಕಣ್ಣು ತೆರೆದ. ಅದು ಚಟವಲ್ಲ, ಮನಸ್ಸಿನ ಚಾಂಚಲ್ಯವೂ ಅಲ್ಲ. ಓಣಿಯ ಪೈಪು ಒಡೆದು ಮುನಿಯಕ್ಕನ ಮಣ್ಣುಗೋಡೆಯ ಬುಡವನ್ನು ತಿನ್ನುತ್ತಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿ ಅವಳ ಬಾಗಿಲು ಬಡಿದ.

ಮುನಿಯಕ್ಕ ತುಟಿಗೆ ಬೆರಳಿಟ್ಟುಕೊಂಡೇ ಬಾಗಿಲು ತೆಗೆದಳು. "ಶ್! ಯಾಕೋ, ಅರ್ಧಕ್ಕೇ ಎದ್ ಬಂದೆ?"

"ಗೋಡೆ ಬೀಳ್ತದೆ ಅಕ್ಕಾ! ಮಗು ಎಲ್ಲಿ?"

ಮಗು ಗೋಡೆಯ ಬುಡದಲ್ಲೇ ಮಲಗಿತ್ತು. ಚಾಪೆ ಸಮೇತ ಬಾಚಿಕೊಂಡು, ಇನ್ನೊಂದು ಕೈಯಲ್ಲಿ ಮುನಿಯಕ್ಕನನ್ನು ಎಳೆದುಕೊಂಡು ಓಣಿಗೆ ಬಂದ. ಹತ್ತು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಗೋಡೆ ಧಸಕ್ಕನೆ ಒಳಗೆ ಕುಸಿಯಿತು.

ಓಣಿಯವರೆಲ್ಲ ಸೇರಿದರು. "ನಿಮ್ಮ ದೇವ್ರೇ ನಿನ್ನ ಎಬ್ಬಿಸಿ ಕಳ್ಸಿದ ಕಣಪ್ಪ" ಎಂದು ಮುನಿಯಕ್ಕ ಅವನ ಕೈ ಹಿಡಿದಳು. ದೇವದಾಸನಿಗೆ ಅಳು ಒತ್ತಿಕೊಂಡು ಬಂತು. "ಅವ್ನು ಮೂರು ದಿನದಿಂದ ಎಬ್ಬಿಸ್ತಿದ್ದ ಅಕ್ಕ. ನಾನೇ ಏಳ್ಲಿಲ್ಲ. ಪ್ರಾರ್ಥನೆ ಕೆಡ್ತದೆ ಅಂತ ಕೂತಿದ್ದೆ. ತಪ್ಪಾಯ್ತು."

ಬೈಯುತ್ತಾಳೆ ಎಂದುಕೊಂಡ. ಬೈದರೆ ಹಗುರವಾಗುತ್ತಿತ್ತೇನೋ. ಮುನಿಯಕ್ಕ ಮೊಮ್ಮಗಳ ತಲೆ ಸವರುತ್ತ, "ಕೊನೆಗಾದ್ರೂ ಕೇಳಿಸ್ತಲ್ಲ, ಬಿಡು" ಎಂದಳು. "ಅದಕ್ಕೇ ಅಲ್ವಾ ನೀನು ಕೂತಾಗ ನಾನು ಒರಳು ಮುಟ್ಟಲ್ಲ. ಕೊಡಾನೂ ಇಳಿಸಲ್ಲ. ದೇವದಾಸ ಅವರ ದೇವ್ರ ಮಾತು ಕೇಳಿಸ್ಕೊಳ್ತಾನೆ, ಆರು ಗಂಟೆವರೆಗೂ ಯಾರೂ ಸದ್ದು ಮಾಡ್ಬೇಡಿ ಅಂತ ಓಣಿಯೋರಿಗೆಲ್ಲ ಹೇಳಿದ್ದೀನಿ. ಚಟ್ನಿ ತಡ ಆಗಿ ಫ್ಯಾಕ್ಟರಿ ಫಸ್ಟ್ ಶಿಫ್ಟಿನೋರು ಇಡ್ಲಿ ತಿನ್ದೆ ಹೋಗ್ತಾರೆ. ಹೋಗ್ಲಿ."

ಆರು ತಿಂಗಳು ದೇವದಾಸ ತಾನು ಸಂಪಾದಿಸಿದ ಮೌನ ಎಂದುಕೊಂಡಿದ್ದನಲ್ಲ, ಅದು ಈ ಹೆಂಗಸು ತನ್ನ ಹೊಟ್ಟೆಪಾಡನ್ನು ನಿಲ್ಲಿಸಿ ಕೊಟ್ಟದ್ದು. ಆ ಮೌನದಲ್ಲಿ ಪೈಪಿನ ಸದ್ದು ಕೇಳಿಸಿದ್ದರಿಂದಲೇ ಅವಳ ಜೀವವೂ ಉಳಿಯಿತು. ನಡುಓಣಿಯಲ್ಲಿ ಮಂಡಿಯೂರಿ ದೇವರಿಗೂ ಅವಳಿಗೂ ಒಟ್ಟಿಗೇ ಕೈಮುಗಿದ. "ಏ, ಏಳೋ, ಜನ ನೋಡ್ತಾರೆ" ಎಂದು ಅವಳು ಗದರಿದಳು.

ಗೋಡೆ ಎದ್ದು ನಿಲ್ಲಲು ಹನ್ನೆರಡು ದಿನ ಹಿಡಿಯಿತು. ಅಲ್ಲಿಯವರೆಗೆ ಅವರಿಬ್ಬರೂ ದೇವದಾಸನ ಮನೆಯೊಳಗೆ, ದೇವದಾಸ ಜಗಲಿಯ ಮೇಲೆ. ಅವರು ವಾಪಸು ಹೋದ ದಿನ ಅವನು, "ಅಕ್ಕ, ನಾಳೆಯಿಂದ ಐದೂವರೆಗೇ ರುಬ್ಬು" ಎಂದ.

"ನಿನ್ ಪ್ರಾರ್ಥನೆ?"

"ನಡೀತದೆ. ನೀನು ರುಬ್ಬು."

ಮರುದಿನ ಐದೂವರೆಗೆ ಒರಳು ಗಡಗಡ ಎಂದಿತು. ಮಗು ಎದ್ದು ರಚ್ಚೆ ಹಿಡಿಯಿತು. ಯಾರೋ "ಇಡ್ಲಿ ಆಯ್ತಾ ಅಕ್ಕಾ?" ಎಂದು ಕೂಗಿದರು. ಕಣ್ಣು ಮುಚ್ಚಿದ್ದ ದೇವದಾಸ ಎದ್ದು, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮತ್ತೆ ಬಂದು ಕೂತ.