ಅಣ್ಣನ ಅಕಾಯ್

ಸ್ಪೂಲ್ ಟೇಪ್ ರೆಕಾರ್ಡರ್‌ಗಳಲ್ಲಿ ಯಾವ ಕಂಪನಿಯದು ಮೇಲು ಎಂದು ಅಣ್ಣತಮ್ಮಂದಿರು ಊಟ ಆರಿಹೋಗುವವರೆಗೂ ಜಗಳವಾಡುತ್ತಿದ್ದರು. ಅಣ್ಣನಿಗೆ ಅಕಾಯ್, ತಮ್ಮನಿಗೆ ರೆವಾಕ್ಸ್. ಧ್ವನಿ ಮಾತ್ರ ಇಬ್ಬರದೂ ಒಂದೇ. ಫೋನಿನಲ್ಲಿ ಅತ್ತಿಗೆಯೇ ಮೋಸಹೋಗುತ್ತಿದ್ದಳು.

ಅಣ್ಣ ತೀರಿಕೊಂಡ ಮೇಲೆ ಅವಳು ಕೆಟ್ಟುನಿಂತ ಅಕಾಯ್ ಅನ್ನು ಟೇಪಿನ ಸಮೇತ ತಮ್ಮನ ರಿಪೇರಿ ಅಂಗಡಿಗೆ ತಂದಳು. "ಇದ್ರಲ್ಲಿ ನಿಮ್ಮಣ್ಣನ ನಾಲ್ಕು ಮಾತಿದೆಯಂತೆ. ನಾನು ಕೇಳೇ ಇಲ್ಲ. ಹೇಗಾದ್ರೂ ಕೇಳಿಸಪ್ಪ."

ತಮ್ಮ ಬೆಲ್ಟ್ ಬದಲಿಸಿದ, ಹೆಡ್ ಒರೆಸಿದ. ಸ್ಪೂಲುಗಳು ಸದ್ದಿಲ್ಲದೆ ತಿರುಗಿದವು. ಆ ಖುಷಿಯಲ್ಲಿ, ಪ್ರತಿ ರಿಪೇರಿಯ ಕೊನೆಗೆ ಮಾಡುವಂತೆ, ರೆಕಾರ್ಡ್ ಗುಂಡಿ ಒತ್ತಿ, ಜಗಳದಲ್ಲಿ ಅಣ್ಣ ಹೇಳುತ್ತಿದ್ದ ಮಾತನ್ನೇ ಮೈಕಿಗೆ ಹೇಳಿದ: "ಅಕಾಯ್ ಅಂದ್ರೆ ಅಕಾಯ್ ಕಣೋ! ನಿನ್ನ ರೆವಾಕ್ಸ್ ಬಿಸಾಕು!"

ಪರೀಕ್ಷೆಗೆ ಇಟ್ಟ ಹಳೇ ಟೇಪು ಮೇಜಿನ ಮೇಲೇ ಇತ್ತು. ಅದು ಕಣ್ಣಿಗೆ ಬಿದ್ದಾಗಲೇ ಗೊತ್ತಾಯಿತು, ಯಂತ್ರದಲ್ಲಿದ್ದದ್ದು ಅಣ್ಣನ ಟೇಪು. ಟೇಪನ್ನು ಹಿಂದಕ್ಕೆ ಸುತ್ತಿ ಪೂರ್ತಿ ಕೇಳಿದ. ಅಣ್ಣ ಎಲ್ಲೂ ಇರಲಿಲ್ಲ. ಇದ್ದವನು ತಾನೊಬ್ಬನೇ.

ಮತ್ತೆ ಸುತ್ತಿಟ್ಟು ತಲೆ ಹಿಡಿದು ಕೂತಿದ್ದಾಗ ಅತ್ತಿಗೆ ಬಂದಳು. ಅವನು ತಡೆಯುವ ಮೊದಲೇ ಗುಂಡಿ ಒತ್ತಿ ಕೇಳಿ, ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ಥೇಟ್ ಅವರೇ! ಹೋಗೋವಾಗ್ಲೂ ನಿನ್ನ ಬೈದೇ ಹೋಗಿದಾರೆ. ನೀನೇನಂತೀಯ?"

ಬಾಯಿ ಬಿಟ್ಟರೆ ಅದೇ ಧ್ವನಿ ಬರುತ್ತಿತ್ತು. ಅವನು ತಲೆಯನ್ನಷ್ಟೇ ಆಡಿಸಿದ.